ಪಡಸಾಲೆಯ ಸ್ವಿಚ್ಚು

ನಮ್ಮ ಮನೆಯ ಕಂಪ್ಯೂಟರು ಸರಿಯಾಗಿ ಬಂದ್ ಆಗುತ್ತಿರಲಿಲ್ಲ. ಯಾಕೆ ಆಗುತ್ತಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಕಳೆದುಕೊಂಡೆ. ಆ ಸಿಟ್ಟು ಇನ್ನೂ ಹೋಗಿಲ್ಲ, ಹೋಗಲಿ ಅಂತ ನನಗೂ ಅನಿಸಿಲ್ಲ.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಊರಿಗೆ ಕಚೇರಿಗಳು ಬಂದವು, ಅವುಗಳ ಬೆನ್ನಿಗೆ ಅರ್ಜಿ ಬರೆಸುವವರು ಬಂದರು. ನಾನು ಮುಳಗುಂದದವಳು. ಮದುವೆಗೆ ಮುಂಚೆ ಬಸ್ಸು ಹತ್ತಿ ಗದಗಕ್ಕೆ ಬಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಬೆಟಗೇರಿಗೆ ಸೊಸೆಯಾಗಿ ಬಂದ ಮೇಲೆ, ಶಿರಹಟ್ಟಿ ಕಡೆಯ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದ ನಮ್ಮ ಮನೆಯವರು ಒಂದು ಹಳೆಯ ಕಂಪ್ಯೂಟರನ್ನೂ ಪ್ರಿಂಟರನ್ನೂ ತಂದುಕೊಟ್ಟರು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಜೋಳದ ಚೀಲಗಳನ್ನು ಅತ್ತ ಸರಿಸಿ ಮೇಜು ಹಾಕಿದೆವು. ವಕೀಲರ ಕಾಗದ, ಮದುವೆಯ ಕಾರ್ಡು, ಅಂಗಡಿಯ ಕರಪತ್ರ, ಏನು ಬಂದರೂ ಟೈಪ್ ಮಾಡಿಕೊಡುತ್ತಿದ್ದೆ. ಆ ಮನೆಯಲ್ಲಿ ನಾನು ಕೂತು ಮಾಡುವ ಕೆಲಸ ಅದೊಂದೇ. ಉಳಿದದ್ದೆಲ್ಲ ನಿಂತು, ಬಗ್ಗಿ, ಓಡಾಡಿ ಮಾಡುವಂಥದ್ದು. ಆ ಕುರ್ಚಿಯಲ್ಲಿ ಕೂತಾಗ ಮಾತ್ರ ನನ್ನನ್ನು ಯಾರೂ ಕೂಗುತ್ತಿರಲಿಲ್ಲ.

ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಹಾಗಾಗಿ ಪ್ರಿಂಟರಿನ ವೈರನ್ನು ಬಾಗಿಲ ಸಂದಿಯಿಂದ ಎಳೆದು ಪಡಸಾಲೆಯ ಸ್ವಿಚ್ ಬೋರ್ಡಿಗೆ ಕೊಟ್ಟಿದ್ದೆವು. ಆ ಬೋರ್ಡಿನ ಕೆಳಗೇ ನಮ್ಮ ಮಾವನವರ ಕುರ್ಚಿ. ಮಾವ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದವರು. ಒಂದು ಸಲ ವೈರಿನ ಕಿಡಿ ಬಿದ್ದು ಗೋದಾಮಿನ ಹತ್ತಿ ಉರಿದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಅಲ್ಲಿಂದ ಅವರಿಗೆ ಕರೆಂಟು ಎಂದರೆ ಜೀವದ ಭಯ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಬಲ್ಬೊಂದನ್ನು ಬಿಟ್ಟು ಪಡಸಾಲೆಯ ಸ್ವಿಚ್ಚುಗಳನ್ನೆಲ್ಲ ಪಟಪಟನೆ ತೆಗೆಯುತ್ತಿದ್ದರು. ಅದೇ ಹೊತ್ತಿಗೆ ನಾನು ರೊಟ್ಟಿಗೆ ಏಳಬೇಕಿತ್ತು. ಕಂಪ್ಯೂಟರಿಗೆ ಬಂದ್ ಆಗಲು ಹೇಳಿ ಎದ್ದರೆ ಅದು ‘ಬಂದ್ ಆಗುತ್ತಿದ್ದೇನೆ’ ಎಂದು ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಹಿಟ್ಟು ನಾದಿ ಬಂದು ನೋಡಿದರೂ ಅದೇ ತೆರೆ, ಅದೇ ಬೆಳಕು. ಆ ಬೆಳಕು ಮಾವನ ಕಣ್ಣಿಗೆ ಬಿದ್ದರೆ ಸೀದಾ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದು, ಮತ್ತೆ ಮೇಲಕ್ಕೆ ಹಾಕುತ್ತಿದ್ದರು. ಮರುದಿನ ಅದು ಏಳುವುದಕ್ಕೆ ಗೋಳಾಡುತ್ತಿತ್ತು. ಹಿಂದಿನ ದಿನ ಟೈಪ್ ಮಾಡಿದ್ದು ಒಮ್ಮೊಮ್ಮೆ ಸಿಗುತ್ತಲೇ ಇರಲಿಲ್ಲ.

ನಾನು ಸುಮ್ಮನೆ ಕೂಡಲಿಲ್ಲ. ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಒಂದೊಂದೇ ಪ್ರೋಗ್ರಾಮು ಮುಚ್ಚಿ ನೋಡಿದೆ. ಅಕ್ಷರಗಳ ಪ್ರೋಗ್ರಾಮು ತೆಗೆದು ಮತ್ತೆ ಹಾಕಿದೆ. ಮೌಸು ಕಿತ್ತು ನೋಡಿದೆ. ಆಮೇಲೆ ತಲೆಗೆ ಬಂತು, ಮಧ್ಯಾಹ್ನ ಮಾವ ಮಲಗಿದಾಗ ಬಂದ್ ಮಾಡಿದರೆ ಇದು ತಕರಾರಿಲ್ಲದೆ ಬಂದ್ ಆಗುತ್ತದೆ. ಹಟ ಮಾಡುವುದು ಸಂಜೆಗೆ ಮಾತ್ರ. ಒಂದು ಮಧ್ಯಾಹ್ನ ಬೇಕೆಂದೇ ಪಡಸಾಲೆಗೆ ಮೆಲ್ಲಗೆ ಹೋಗಿ ಪ್ರಿಂಟರಿನ ಸ್ವಿಚ್ಚು ತೆಗೆದು ಬಂದು ಬಂದ್ ಮಾಡಿದೆ. ನಿಂತುಬಿಟ್ಟಿತು! ಮತ್ತೆ ಶುರು ಮಾಡಿ, ಪ್ರಿಂಟರ್ ಚಾಲೂ ಇಟ್ಟು ಬಂದ್ ಮಾಡಿದರೆ ಸಲೀಸಾಗಿ ಆಯಿತು. ಪ್ರಿಂಟರಿನದೊಂದು ಸಣ್ಣ ಪ್ರೋಗ್ರಾಮು ಒಳಗೆ ಕೂತು, ಹೋಗುವ ಮುಂಚೆ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಿತ್ತು, ಅಷ್ಟೇ. ಮೊದಲು ಕಂಪ್ಯೂಟರು, ಆಮೇಲೆ ಪ್ರಿಂಟರು. ಇಷ್ಟು ಮಾಡಿದರೆ ಆಯಿತು. ನಾನೇ ಕಂಡುಹಿಡಿದೆ ಎಂದು ಎಷ್ಟು ಹಿಗ್ಗಿದೆನೆಂದರೆ, ಅವತ್ತು ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ದೀಪದ ಹೊತ್ತಿಗೆ ಮುಂಚೆಯೇ ಬಂದ್ ಮಾಡೋಣವೆಂದರೆ, ಕಚೇರಿ ಮುಗಿಸಿ ಕಾಗದ ಒಯ್ಯುವವರು ಬರುವುದೇ ಆ ಹೊತ್ತಿಗೆ. ಆದರೆ ಇದನ್ನು ಮಾವನಿಗೆ ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಏನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸಬೇಕು. ‘ಊಟಕ್ಕ ಬರ್ರಿ’ ಎನ್ನುವುದನ್ನೂ ನಾನು ಹಾಗೆಯೇ ಕಳಿಸುತ್ತಿದ್ದೆ. ಅತ್ತೆಗೆ ಹೇಳಿದೆ.

“ಅತ್ತಿಯವ್ರ, ದೀಪ ಹಚ್ಚೂ ಹೊತ್ತಿಗೆ ಪ್ರಿಂಟರಿನ ಸ್ವಿಚ್ ಒಂದ ತಗೀಬ್ಯಾಡ್ರಿ ಅಂತ ಮಾವನವ್ರಿಗೆ ಹೇಳ್ರಿ. ಕಂಪ್ಯೂಟರ್ ಬಂದ್ ಆದಮ್ಯಾಲೆ ನಾನ ತಗೀತೀನಿ.”

ಅತ್ತೆ ನನ್ನ ಮುಖ ನೋಡಿದರು. “ಅವರಿಗೆ ಹಿಂಗ ಮಾಡಬ್ಯಾಡ್ರಿ ಅಂತ ನಾ ಹೇಳ್ಲೇನವಾ? ಇಷ್ಟ ವರ್ಷದಾಗ ಒಂದಿನಾನೂ ಹೇಳಿಲ್ಲ.”

ಗಂಡನಿಗೆ ಹೇಳಿದೆ. “ಅಪ್ಪಗ ಎದುರು ಮಾತಾಡಾಕ ಆಕ್ಕೈತೇನು? ಉದ್ದ ವೈರಿನ ಬೋರ್ಡ್ ತರ್ತೀನಿ ತಡಿ” ಎಂದರು. ಆ ಬೋರ್ಡು ಇನ್ನೂ ಬರಬೇಕು.

ಕಡೆಗೆ ಮಾವನೇ ಗದಗದಿಂದ ರಿಪೇರಿಯವನನ್ನು ಕರೆಸಿದರು. ಗಂಡ ಶಾಲೆಗೆ ಹೋಗಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ, ಅತ್ತೆ ಹೊಸ್ತಿಲ ಮೇಲೆ, ಮಾವ ಮೇಜಿನ ಪಕ್ಕ. ರಿಪೇರಿಯವನು ನನ್ನ ಕುರ್ಚಿಯಲ್ಲಿ ಕೂತು ಮಾವನನ್ನು ಕೇಳಿದ: “ಯಾವಾಗ ಹಿಂಗ ಆಕ್ಕೈತ್ರಿ?”

“ಪ್ರಿಂಟರ್ ಮೊದಲ ಬಂದ್ ಆದ್ರ ಹಿಂಗ ಆಕ್ಕೈತಿ ಅಂತ ಹೇಳ್ರಿ” ಎಂದು ಅತ್ತೆಯ ಬೆನ್ನಿಗೆ ಪಿಸುಗುಟ್ಟಿದೆ.

ಅತ್ತೆ ಸೆರಗು ಎಳೆದುಕೊಂಡು, “ಪ್ರಿಂಟರಿಂದ ಏನೋ ಅಂತಾಳ್ರಿ” ಎಂದರು.

“ಪ್ರಿಂಟರ್ ಚಲೋ ಐತಲ್ರಿ” ಎಂದ ಅವನು. ಅದರಿಂದ ಒಂದು ಕಾಗದವನ್ನೂ ಹೊರಡಿಸಿ ತೋರಿಸಿದ. ಕಂಪ್ಯೂಟರಿನಲ್ಲಿ ಇದ್ದುದನ್ನೆಲ್ಲ ಅಳಿಸಿ ಪ್ರೋಗ್ರಾಮುಗಳನ್ನು ಹೊಸದಾಗಿ ಹಾಕಿದ. ಒಬ್ಬ ವಕೀಲರಿಗಾಗಿ ನಾನು ವಾರವೆಲ್ಲ ಕೂತು ಟೈಪ್ ಮಾಡಿದ್ದ ಕಾಗದಗಳೂ ಅದರ ಜೊತೆಗೆ ಹೋದವು. ಹಾಡುಹಗಲು, ಪಡಸಾಲೆಯ ಸ್ವಿಚ್ಚುಗಳೆಲ್ಲ ಚಾಲೂ ಇದ್ದವು. ಬಂದ್ ಮಾಡಿದ, ಬಂದ್ ಆಯಿತು. ಚಹಾ ಕುಡಿದು ಏಳುತ್ತ, “ಮಶೀನ್ ಚಲೋ ಐತ್ರಿ. ಹೆಣ್ಮಕ್ಕಳಿಗೆ ಬಂದ್ ಮಾಡೂದು ಬರೋಬ್ಬರಿ ಕಲಿಸಿಲ್ಲ ಕಾಣ್ತೈತಿ” ಎಂದ. ಅವನ ಚಹಾಕ್ಕೆ ಸಕ್ಕರೆ ಹಾಕಿದವಳೂ ನಾನೇ.

ಅವತ್ತು ಸಂಜೆ ಮಾವ ಸ್ವಿಚ್ಚು ತೆಗೆದರು, ಅದು ಮತ್ತೆ ನಿಂತಿತು. ಮಾವ ಅಷ್ಟಕ್ಕೇ ತೀರ್ಮಾನ ಮಾಡಿದರು. ಮುಂಡರಗಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ನನ್ನ ಮೈದುನನಿಗೆ ಕಂಪ್ಯೂಟರು, ಪ್ರಿಂಟರು ಎರಡನ್ನೂ ಕೊಡುವುದು. ಗಂಡ “ಆತು” ಅಂದರು. ನನ್ನನ್ನು ಯಾರೂ ಕೇಳಲಿಲ್ಲ.

ಮೈದುನ ಬಾಡಿಗೆಯ ಟಂಟಂ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಮಾನಿಟರಿಗೆ ಹಳೆಯ ಕೌದಿ ಸುತ್ತಿಕೊಟ್ಟೆ. ಮೈದುನನ ಜೊತೆ ಮಾತಾಡಲು ನನಗೆ ಅಡ್ಡಿಯಿರಲಿಲ್ಲ. ಅವನು ಪಡಸಾಲೆಯಲ್ಲೇ ನಿಂತು ಕೇಳಿದ: “ವೈನಿ, ಇದು ಬಂದ್ ಆಗವಲ್ದಂತಲ್ಲ, ಏನ್ ಮಾಡ್ಲಿ?”

“ಮೊದಲ ಕಂಪ್ಯೂಟರ್ ಬಂದ್ ಮಾಡು. ಪೂರಾ ಆರಿದ ಮ್ಯಾಲೆ ಪ್ರಿಂಟರಿನ ಸ್ವಿಚ್ ತಗಿ. ಅದಕ್ಕಿಂತ ಮುಂಚೆ ಯಾರೂ ಸ್ವಿಚ್ ಮುಟ್ಟಬಾರ್ದು. ಅಷ್ಟ.”

ಕುರ್ಚಿಯಲ್ಲಿದ್ದ ಮಾವ ತಲೆಯೆತ್ತಿ ಬೋರ್ಡಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಲಿಲ್ಲ, ಅತ್ತೆಯ ಕಡೆ ತಿರುಗಿದರು.

“ಇಷ್ಟ ಇತ್ತೇನು? ನಾ ತಗೀತಿದ್ದಿಲ್ಲಲ್ಲ. ನನಗ ಯಾಕ ಹೇಳಲಿಲ್ಲಂತ ಕೇಳ ಆಕಿನ್ನ.”

ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಖರೇನೇ ಗೊತ್ತಾಗದೆ ಕೇಳುತ್ತಿದ್ದರು. ನಾನು ಅತ್ತೆಯನ್ನು ನೋಡಿದೆ. ಈಗಲಾದರೂ ಹೇಳುತ್ತಾರೆ, ‘ಆಕಿ ಹೇಳಿದ್ಲು, ನಾ ಮುಟ್ಟಿಸಲಿಲ್ಲ’ ಅನ್ನುತ್ತಾರೆ ಎಂದು ಕಾದೆ. ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

“ಯಾಕ ಹೇಳಲಿಲ್ಲಂತ ಕೇಳಾಕತ್ತಾರ ನೋಡವಾ” ಎಂದರು.

ಟಂಟಂದವನು ಹಾರ್ನ್ ಹೊಡೆಯುತ್ತಿದ್ದ. “ತಪ್ಪಾತಂತ ಹೇಳ್ರಿ” ಎಂದು ಅತ್ತೆಗೆ ಹೇಳಿದೆ. ಅದನ್ನು ಮಾತ್ರ ಅವರು ಒಂದಕ್ಷರ ಬಿಡದೆ ಮಾವನಿಗೆ ಮುಟ್ಟಿಸಿದರು.