ಕುಲುಮೆ ದರ್ಜಿಯ ಅನುಮಾನ

ಮೊದಲ ನೋಟಕ್ಕೆ ಪರಮೇಶ ಲಾಭದ ಗಿರಾಕಿಯಲ್ಲ. ಬರ್ನರಿಗೆ ಒಂದು ಹಿತ್ತಾಳೆ ತುದಿ ಕೊಳ್ಳಲು ಅರ್ಧ ದಿನ ತಿನ್ನುವ ಆಸಾಮಿ. ಸವಣೂರಿನಲ್ಲಿ ದರ್ಜಿ, ಬಿಡುವಿನಲ್ಲಿ ಹಳೆಯ ಕಬ್ಬಿಣದ ಡಬ್ಬಿಯಲ್ಲಿ ಗ್ಯಾಸಿನ ಕುಲುಮೆ ಕಟ್ಟಿಕೊಂಡು, ಖುಷಿಗೆಂದು ವೀಳ್ಯದೆಲೆ ಕೊಯ್ಯುವ ಕತ್ತಿ ಬಡಿಯುತ್ತಾನೆ. ಹಾನಗಲ್ಲಿನ ನನ್ನ ಗ್ಯಾಸ್ ಸಾಮಾನಿನ ಅಂಗಡಿಗೆ ಬಂದರೆ ರೆಗ್ಯುಲೇಟರನ್ನು ಕಳ್ಳನನ್ನು ನೋಡಿದಂತೆ ನೋಡಿ, ಪೈಪನ್ನು ಮೂಸಿ, "ಸಾವಕಾರ್ರ, ಇದು ಸೋರಂಗಿಲ್ಲಂತ ಆಣಿ ಮಾಡ್ತೀರೇನು?" ಎನ್ನುತ್ತಾನೆ. "ನೀ ಹೊಲಿದ ಅಂಗಿ ಬಿಗಿ ಆಗಂಗಿಲ್ಲಂತ ಆಣಿ ಮಾಡ್ತೀಯೇನಪಾ?" ಎಂದರೆ, "ಅಂಗಿ ಸಿಡಿದು ಯಾರೂ ಸಾಯಂಗಿಲ್ಲಲ್ರಿ!" ಎಂಬ ಉತ್ತರ ತಯಾರಿರುತ್ತದೆ. ತನ್ನ ಕೈಯನ್ನೂ ನಂಬದ ಮನುಷ್ಯ. ಗ್ಯಾಸು ತುಂಬಿಕೊಂಡು ಸಿಡಿಯಬಾರದೆಂದು, ಕುಲುಮೆಯೊಳಗೆ ಉರಿಯುವ ಕಾಗದ ಇಟ್ಟ ಮೇಲೆಯೇ ಅದನ್ನು ಬಿಡುತ್ತಾನೆ. ಹೋದ ಶ್ರಾವಣದಲ್ಲಿ ಊಟಕ್ಕೆ ಕರೆದರೆ, ಮಣೆಯ ಮೇಲೆ ಕೂರದೆ ಮೂಗರಳಿಸುತ್ತ ಅಡುಗೆಮನೆಗೇ ನುಗ್ಗಿದ. "ಅಕ್ಕಾರ, ಕಡ್ಡಿ ಗೀರಬ್ಯಾಡ್ರಿ!" ಎಂದು ನನ್ನ ಹೆಂಡತಿ ಸುಶೀಲವ್ವಳನ್ನು ಒಲೆ ಹಚ್ಚದಂತೆ ತಡೆದು, ಕಿಟಕಿ ತೆರೆಸಿ, ಒಲೆಯ ಪೈಪಿಗೆ ಸಾಬೂನು ನೊರೆ ಬಳಿದ. ನಾನೇ ಅಂಗಡಿಯಿಂದ ಆರಿಸಿ ತಂದಿದ್ದ ಪೈಪು. ಗುಳ್ಳೆ ಬುಳುಬುಳು ಎದ್ದವು. ಬೆಳ್ಳುಳ್ಳಿ ಜಜ್ಜಿದ ಘಾಟಿನಲ್ಲಿ ನಮಗಾರಿಗೂ ಸೋರುವ ಗ್ಯಾಸಿನ ವಾಸನೆ ಹತ್ತಿರಲಿಲ್ಲ. ಸುಶೀಲವ್ವ ಇಂದಿಗೂ ನನ್ನನ್ನು ಬೈಯುತ್ತ ಮನೆತುಂಬ ಓಡಾಡುತ್ತಾಳೆ. ಅದಕ್ಕೆ ನಾನು ಪರಮೇಶನಿಗೆ ಋಣಿ.