ಕಾವಿ ಉಟ್ಟ ಸಾಂತಾ

ನಿನ್ನೆ ಯರಗಟ್ಟಿಯಲ್ಲಿ ಬೆಳಗಾವಿ ಬಸ್ಸಿಗೆ ಕಾಯುವಾಗ ಅಂಗಡಿಯೊಂದರಲ್ಲಿ ಸಾಂತಾ ಕ್ಲಾಸ್ ಮುಖವಾಡ ತೂಗುತ್ತಿತ್ತು. ಗುಲಾಬಿ ಗಲ್ಲ, ಕೆಂಪು ಟೊಪ್ಪಿಗೆ, ನೈಲಾನ್ ಗಡ್ಡ. ಮುಟ್ಟಿ ನೋಡಿದೆ. ಥೂ, ಇದೂ ಒಂದು ಗಡ್ಡವೇ! ನನಗೆ ಗೊತ್ತಿದ್ದ ಸಾಂತಾನ ಗಡ್ಡದಲ್ಲಿ ಹತ್ತಿಬೀಜಗಳಿದ್ದವು... ಅದನ್ನು ಕಟ್ಟಿಕೊಂಡವಳು ನಾನೇ.

ಮುರಗೋಡದ ಹತ್ತಿರದ ನಮ್ಮ ಹಳ್ಳಿಯ ಶಾಲೆಗೆ, ನಾವು ಅಕ್ಕೋರು ಎನ್ನುತ್ತಿದ್ದ ಟೀಚರ್ ಇಂಗ್ಲಿಷ್ ಕಲಿಸಲು ಬೆಳಗಾವಿಯಿಂದ ಬಂದಿದ್ದರು. ಇಡೀ ಊರಿಗೆ ಅವರೊಬ್ಬರೇ ಕ್ರಿಶ್ಚಿಯನ್. ನಾನು ಆ ಶಾಲೆಯಲ್ಲಿದ್ದಾಗ ಒಂದು ಡಿಸೆಂಬರಿನಲ್ಲಿ ಕಾಲು ಮುರಿದುಕೊಂಡರು. ಬಸ್ಸು ಹತ್ತಬಾರದೆಂದು ಡಾಕ್ಟರ್ ಹೇಳಿದ್ದರಿಂದ ಹಬ್ಬಕ್ಕೆ ಊರಿಗೆ ಹೋಗುವಂತಿರಲಿಲ್ಲ. ದಿನಾ ರೊಟ್ಟಿ ಕೊಟ್ಟು ಬರುತ್ತಿದ್ದ ನನ್ನ ಅಜ್ಜಿ, "ಪಾಪ, ಗ್ವಾಡಿ ಕಡೆ ಮಾರಿ ಮಾಡಿ ಅಳಾಕತ್ತಿದ್ಲವಾ" ಅಂದಳು. ಸಾಂತಾನನ್ನು ಅವರ ಬಾಗಿಲಿಗೇ ತರಬೇಕೆಂದು ಗೆಳತಿಯರೆಲ್ಲ ಕೂಡಿ ಠರಾಯಿಸಿದೆವು.

ಸಾಂತಾನ ಕಥೆ ಅಕ್ಕೋರೇ ಹೇಳಿದ್ದರು. ಡೊಳ್ಳು ಹೊಟ್ಟೆ, ಜಿಂಕೆ ಗಾಡಿ, ಬೆಚ್ಚನೆಯ ಕೆಂಪು ಕೋಟು ಎಲ್ಲ ಆಮೇಲಿನ ಕವಿಗಳು, ಚಿತ್ರಕಾರರು ಕೂಡಿ ಕಟ್ಟಿದ್ದು. ಮೂಲದವರು ಹಿಮವಿಲ್ಲದ ಕಡಲ ದಂಡೆಯ ಊರಿನ ಒಬ್ಬ ಬಿಷಪ್; ಉಪವಾಸ, ಪ್ರಾರ್ಥನೆಯ ಮನುಷ್ಯ. ಬಡವನೊಬ್ಬನ ಹೆಣ್ಣುಮಕ್ಕಳ ಮದುವೆಗೆಂದು ಯಾರಿಗೂ ಕಾಣದಂತೆ ಕಿಟಕಿಯಿಂದ ಬಂಗಾರದ ಗಂಟು ಎಸೆದವರಂತೆ.

"ಅಂದ್ರ ನಮ್ಮ ಮಠದ ಅಜ್ಜಾರಂಗ ಏನ್ರಿ ಅಕ್ಕೋರ?"

"ಹೂಂ, ಹಂಗ ಅನ್ಕೋರಿ."

ನಾವು ಹಾಗೇ ಅಂದುಕೊಂಡುಬಿಟ್ಟೆವು ನೋಡಿ! ಎತ್ತರದವಳೆಂದು ನನಗೇ ಮಠದ ಸ್ವಾಮಿಗಳಂತೆ ಕಾವಿ ಉಡಿಸಿದರು. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಗಲ್ಲಕ್ಕೆ ಹೊಲದಿಂದ ಆಗಷ್ಟೇ ಬಿಡಿಸಿ ತಂದ ಹತ್ತಿ. ಹಬ್ಬದ ದಿನ ಮುಸ್ಸಂಜೆ ಅಕ್ಕೋರ ಮನೆಯ ಕಿಟಕಿಯಿಂದ ಶೇಂಗಾ ಉಂಡೆಯ ಗಂಟು ಎಸೆದೆ. ಅದು ಹೋಗಿ ಅಕ್ಕೋರ ಪ್ಲಾಸ್ಟರಿಗೇ ಬಡಿಯಿತು. ಅಷ್ಟರಲ್ಲಿ ರೊಟ್ಟಿ ತಂದ ಅಜ್ಜಿ ನನ್ನನ್ನು ಕಂಡವಳೇ, "ಯವ್ವಾ, ಅಜ್ಜಾರು ಪಾದ ಬೆಳೆಸ್ಯಾರ!" ಎಂದು ಬುಟ್ಟಿ ಕೆಳಗಿಟ್ಟು ನನ್ನ ಕಾಲಿಗೆ ಹಣೆ ಹಚ್ಚಿದಳು. ಸ್ವಂತ ಮೊಮ್ಮಗಳ ಕಾಲಿಗೆ!

ಹುಡುಗಿಯರ ನಗೆ ಅಲ್ಲೇ ನಿಂತಿತು. ಅಕ್ಕೋರ ದೇವರನ್ನು ಅಣಕಿಸಿದಂತಾಯಿತೇನೋ ಎಂದು ನಾನು ಹೆದರಿದೆ. ಕಿಟಕಿಯಾಚೆ ಅಕ್ಕೋರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೈ ಮುಗಿದರು.

"ಇಷ್ಟು ವರ್ಷ ಬರೇ ಕೆಂಪು ಕೋಟಿನವ್ರನ್ನ ನೋಡಿದ್ದೆ... ಖರೇ ಅವ್ರು ಇವತ್ತ ಬಂದ್ರು."

ಎಲ್ಲಿಯ ಕಡಲು, ಎಲ್ಲಿಯ ಬಿಷಪ್, ಎಲ್ಲಿಯ ನಮ್ಮೂರ ಕಿಟಕಿ! ಆ ಒಂದು ಗಳಿಗೆ ಆ ಬಿಷಪ್ ನಿಜಕ್ಕೂ ಬಂದಿದ್ದರೆಂದೇ ನಾನು ಇವತ್ತಿಗೂ ನಂಬುತ್ತೇನೆ.

ಅಕ್ಕೋರು ಈ ಮಳೆಗಾಲದಲ್ಲಿ ತೀರಿಕೊಂಡರು. ಮೊನ್ನೆ ಅವರ ಮಗಳ ಫೋನು ಬಂತು. "ನಮ್ಮನಿ ಕ್ರಿಸ್ಮಸ್ ಗೋದಲಿಯೊಳಗ ಬಾಲ ಯೇಸುನ ನೋಡಾಕ ಬಂದ ಕುರುಬರ ಪಕ್ಕ ಒಂದು ಕಾವಿ ಬಟ್ಟಿ ಅಜ್ಜಾರ ಗೊಂಬಿ ಐತ್ರಿ. ಅವ್ವ ವರ್ಷಾ ತಾನ ಹೊಸ ಹತ್ತಿ ಹಚ್ಚತಿದ್ಲು. ಈ ಸಲ ಗಡ್ಡ ಉದುರೇತಿ... ನಿಮ್ಮ ಹೊಲದಾಗ ಹತ್ತಿ ಐತೇನ್ರಿ?"

ಬೆಳಗಾವಿ ಬಸ್ಸು ಬಂತು. ಮುಖವಾಡ ಅಲ್ಲೇ ಬಿಟ್ಟು ಹತ್ತಿದೆ. ಮಡಿಲಲ್ಲಿದ್ದ ನಮ್ಮ ಹೊಲದ ಹತ್ತಿಯ ಬೀಜಗಳನ್ನು ನಾನು ತೆಗೆದಿರಲಿಲ್ಲ.