ಹೂಜಿ ಹಿಡಿದ ಅತ್ತೆ

ಕೋವಿಡ್ ಗಲಾಟೆ ತಣ್ಣಗಾದ ಮೇಲೆ ಅತ್ತೆ ಮೈಸೂರಿನಿಂದ ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಗೆ ಬಂದಿದ್ದರು. ಅಕ್ಟೋಬರಿನ ಒಂದು ಶನಿವಾರ ನಾನೂ ಗಂಡನೂ ಅವರನ್ನು ಸೇಬು ಕೀಳಲು ತೋಟಕ್ಕೆ ಕರೆದೊಯ್ದೆವು. ಹಿಂದಿನ ದಿನದ ಮಳೆಗೆ ತೋಟವೆಲ್ಲ ಕೆಸರಾಗಿ ಗೇಟು ಮುಚ್ಚಿತ್ತು. ವಾಪಸು ಬರುವಾಗ ಸೇಬಿನ ಚಿತ್ರವಿದ್ದ ಬೋರ್ಡೊಂದು ಅತ್ತೆಯ ಕಣ್ಣಿಗೆ ಬಿತ್ತು.

"ಜ್ಯೂಸ್ ಅಂಗಡಿ ಕಣೋ, ನಿಲ್ಸು. ಹೊಟ್ಟೆ ಚುರುಗುಟ್ತಿದೆ."

ಅದು ಜರ್ಮನಿಯ ಫ್ರಾಂಕ್‌ಫರ್ಟ್ ಕಡೆಯ ವಯಸ್ಸಾದ ದಂಪತಿ ನಡೆಸುತ್ತಿದ್ದ ಸೈಡರ್ ಮನೆ, ಸೇಬಿನ ರಸವನ್ನು ಹುಳಿ ಬರಿಸಿ ಮಾಡಿದ ಮದ್ಯದ ಅಂಗಡಿ ಎಂದು ನಮಗೆ ತಿಳಿದದ್ದು ಒಳಗೆ ಹೋದ ಮೇಲೆಯೇ. ಅಷ್ಟರಲ್ಲಿ ಅತ್ತೆ ಉದ್ದನೆಯ ಬೆಂಚಿನಲ್ಲಿ ಜಾಗ ಮಾಡಿಕೊಂಡಾಗಿತ್ತು. ಅಲ್ಲಿ ಗುರುತಿಲ್ಲದವರೂ ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ನೀಲಿ ಚಿತ್ತಾರದ ಮಣ್ಣಿನ ಹೂಜಿ ಯಾರ ಕೈಗೆ ಬರುತ್ತದೋ ಅವರು ಅಕ್ಕಪಕ್ಕದವರ ಲೋಟವನ್ನೂ ತುಂಬಬೇಕು. ಪಕ್ಕದಲ್ಲಿದ್ದ ಬಿಳಿಗಡ್ಡದ ಅಂಕಲ್ ನಾವು ತಡೆಯುವ ಮೊದಲೇ ಅತ್ತೆಯ ಲೋಟಕ್ಕೆ ಸುರಿದರು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಹುಳಿ ಬಂದ್ಬಿಟ್ಟಿದೆ, ಪಾಪ. ಕೆಟ್ಟೋಗಿದೆ ಅಂತ ಅವರಿಗೆ ಹೇಳೋ."

"ಅಮ್ಮಾ, ಅದು ಇರೋದೇ ಹಾಗೆ. ಆಲ್ಕೋಹಾಲ್" ಎಂದ ನನ್ನ ಗಂಡ.

ನಾನು ಅತ್ತೆಯ ಮುಖ ನೋಡಿದೆ. ಒಂದು ಏಕಾದಶಿಯನ್ನೂ ತಪ್ಪಿಸದವರು ಅವರು. ಸಂಗತಿ ತಿಳಿದು ಅಂಕಲ್ ಕೆಂಪಗಾಗಿ ಮೇಲಿಂದ ಮೇಲೆ ಸಾರಿ ಕೇಳಿದರು. ಕೊನೆಗೆ ಅತ್ತೆಯೇ ನಕ್ಕುಬಿಟ್ಟರು. "ಹೋಗ್ಲಿ ಬಿಡಮ್ಮ, ಪಾಪ ಪ್ರೀತಿಯಿಂದ ಕೊಟ್ರು ಅಂತ ಹೇಳು" ಎಂದರು ನನಗೆ.

ಅಂಗಡಿಯ ಅಜ್ಜಿ ತಾಜಾ ಸೇಬಿನ ರಸ, ಬೇಯಿಸಿದ ಆಲೂಗಡ್ಡೆ, ಮೊಸರಿಗೆ ಹಸಿ ಸೊಪ್ಪು ಅರೆದು ಕಲಸಿದ ಹಸಿರು ಗೊಜ್ಜು ತಂದಿಟ್ಟರು. ಮೊಟ್ಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅತ್ತೆ ತಟ್ಟೆ ಖಾಲಿ ಮಾಡಿದರು.

"ತಂಬುಳಿ ಕಣೇ ಇದು! ಒಗ್ಗರಣೆ ಒಂದು ಬಿದ್ದಿಲ್ಲ ಅಷ್ಟೆ."

ಅಷ್ಟು ಹೊತ್ತಿಗೆ ಹೂಜಿ ಅತ್ತೆಯ ಮುಂದೆ ಬಂತು. ಆಚೆ ದಾಟಿಸೋಣವೆಂದು ನಾನು ಕೈ ಚಾಚಿದರೆ ಅವರು ಬಿಡಲಿಲ್ಲ. ಎದ್ದು ಸೆರಗು ಸಿಕ್ಕಿಸಿ, ಮದುವೆಮನೆಯ ಪಂಕ್ತಿಯಲ್ಲಿ ಸಾರು ಬಡಿಸುವಂತೆ ಬೆಂಚಿನ ಉದ್ದಕ್ಕೂ ಬಡಿಸಿಕೊಂಡು ಹೋದರು. "ಇನ್ನೂ ಸ್ವಲ್ಪ ಹಾಕ್ಲಾ? ನಾಚ್ಕೋಬೇಡಿ" ಎಂದು ಕನ್ನಡದಲ್ಲೇ ಉಪಚಾರ. ಎಲ್ಲರೂ ಲೋಟ ಎತ್ತಿ ಕೇಕೆ ಹಾಕಿದರು. ಬಿಳಿಗಡ್ಡದ ಅಂಕಲ್ ಮತ್ತೊಮ್ಮೆ ಲೋಟ ಒಡ್ಡಿದಾಗ ಮಾತ್ರ ಅತ್ತೆ ಹೂಜಿ ಹಿಂದಕ್ಕೆಳೆದುಕೊಂಡರು.

"ನಿಮಗೆ ಸಾಕು. ಡ್ರೈವ್ ಮಾಡ್ಬೇಕಲ್ವಾ?"

ಗಂಡ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಎದುರು ಕೂತಿದ್ದ ಅವರ ಹೆಂಡತಿ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಎರಡು ಲೋಟ ಕುಡಿದೆ. ಮೊದಲನೆಯದಕ್ಕೆ ಹಲ್ಲು ಜುಮ್ಮೆಂದಿತು, ಎರಡನೆಯದು ಹಿತವಾಗಿತ್ತು. ಆಮೇಲೆ ಅತ್ತೆ ಊರಿಗೆ ಹೊರಡುವವರೆಗೂ ಶನಿವಾರ ಮಧ್ಯಾಹ್ನದ ಊಟ ಅಲ್ಲೇ. ನಾವು ಹೋಗುವಷ್ಟರಲ್ಲಿ ಬಿಳಿಗಡ್ಡದ ಅಂಕಲ್ ಬೆಂಚಿನ ಮೇಲೆ ಟೋಪಿ ಇಟ್ಟು ಅತ್ತೆಗೆ ಜಾಗ ಹಿಡಿದಿರುತ್ತಿದ್ದರು.